ಹೂಕುಂಡದಲ್ಲೊಂದು ಹಾವು

ಮಳೆ ಬಿದ್ದ ರಾತ್ರಿ ಬಚ್ಚಲಿನ ಮೂಲೆಯಲ್ಲಿ ಕಂಡ ಕಪ್ಪು ಎರೆಹುಳು ಪುಟ್ಟ ನಾಲಿಗೆ ಚಾಚಿದರೆ, ಅದು ಎರೆಹುಳುವಲ್ಲ, ಕುರುಡು ಹಾವು. ಮೈಗೆ ಉಂಗುರಗಳಿಲ್ಲ, ಒಣಗಿದ ನುಣುಪು ಹುರುಪೆಗಳಿವೆ. ಕಣ್ಣುಗಳು ಹುರುಪೆಯಡಿಯ ಎರಡು ಚುಕ್ಕೆಗಳಷ್ಟೆ. ಬೆಳೆದದ್ದೂ ಸಾಮಾನ್ಯವಾಗಿ ಗೇಣುದ್ದ ದಾಟದು. ಕೈಯಲ್ಲಿ ಹಿಡಿದರೆ ಬಾಲದ ತುದಿಯ ಮುಳ್ಳು ಚುಚ್ಚಬಹುದು, ಅಷ್ಟೆ. ವಿಷವಿಲ್ಲ.

ಈ ಜಾತಿಯಲ್ಲಿ ಗಂಡೇ ಇಲ್ಲ! ಹೆಣ್ಣು ಒಂಟಿಯಾಗಿಯೇ ಅಕ್ಕಿಕಾಳಿನಂಥ ಕೆಲವು ಮೊಟ್ಟೆಗಳನ್ನಿಡುತ್ತದೆ. ಮರಿಗಳೆಲ್ಲ ತಾಯಿಯ ತದ್ರೂಪಿನ ಹೆಣ್ಣುಗಳೇ. ಹಾಗಾಗಿ ಕುಂಡದ ಮಣ್ಣಿನಲ್ಲಿ ಒಂದೇ ಒಂದು ಹಾವು ಹಡಗೇರಿದರೂ ಸಾಕು, ಹೊಸ ನಾಡಿನಲ್ಲಿ ಸಂಸಾರ ಹುಟ್ಟುತ್ತದೆ. ಏಷ್ಯಾದ ಈ ಹಾವು ಹವಾಯಿಗೆ, ಫ್ಲಾರಿಡಾಕ್ಕೆ, ಮೆಕ್ಸಿಕೋಗೆ ಹೋಗಿದ್ದು ಗಿಡಗಳ ಜೊತೆಗೇ.

ಫ್ಲಾರಿಡಾದ ಹಾವುಪ್ರಿಯರು ಇದನ್ನು ತೋಟದ ಕಲ್ಲು, ಕೊಳೆತ ಮರದ ತುಂಡು, ಒದ್ದೆ ಎಲೆರಾಶಿಯ ಅಡಿಯಲ್ಲಿ ಹುಡುಕುತ್ತಾರೆ. ಸಾಕಲು ಗಾಜಿನ ತೊಟ್ಟಿಗೆ ಬಿಗಿಯಾದ ಮುಚ್ಚಳ, ಒಳಗೆ ಆಳವಾದ ಸಡಿಲ ಮಣ್ಣು ಬೇಕು. ಮಣ್ಣು ತೇವವಿರಬೇಕು, ಕೆಸರಾಗಬಾರದು. ಒಣಗಿತೋ ಹಾವು ಉಳಿಯದು. ನಿಜವಾದ ಪರೀಕ್ಷೆ ಊಟದ್ದು. ಇಲಿಮರಿಯ ಮಾತೇ ಇಲ್ಲ, ಬೇಕಿರುವುದು ಇರುವೆ-ಗೆದ್ದಲುಗಳ ಮೊಟ್ಟೆ, ಮರಿ, ಕೋಶ. ಅದನ್ನು ಬಿಡದೆ ಒದಗಿಸಲಾಗದವರು ಈ ಹವ್ಯಾಸಕ್ಕೆ ಕೈಹಾಕದಿರುವುದೇ ಮೇಲು.

ಅದು ಉಣ್ಣುವುದನ್ನು ನೋಡುವ ಭಾಗ್ಯ ಸಿಕ್ಕರೆ ಬೇರೆ ಮಾತು. ಜಪಾನಿನ ಸಂಶೋಧಕರು 2015ರಲ್ಲಿ ವರದಿ ಮಾಡಿದಂತೆ, ಗೆದ್ದಲನ್ನು ಬಾಲದ ಕಡೆಯಿಂದ ನುಂಗುತ್ತ ಬಂದ ಈ ಹಾವು ಎಷ್ಟೋ ಬಾರಿ ಅದರ ತಲೆಯನ್ನು ನೆಲಕ್ಕೆ ಉಜ್ಜಿ ಕಿತ್ತು ಬಿಡುತ್ತದೆ. ಜೀರ್ಣವಾಗದ ಗಟ್ಟಿ ತಲೆ ಹೊಟ್ಟೆಗೇಕೆ? ಬೇಟೆಯನ್ನು ಇಡಿಯಾಗಿ ನುಂಗುವುದೇ ಹಾವುಗಳ ಪದ್ಧತಿ. ಊಟವನ್ನು ಹೀಗೆ ತುಂಡರಿಸುವ ಹಾವುಗಳು ತೀರ ವಿರಳ. ಇನ್ನು ಗಟ್ಟಿತನಕ್ಕೊಂದು ಸಾಕ್ಷಿ: ಪೂರ್ವ ತಿಮೋರಿನಲ್ಲಿ ನೆಲಗಪ್ಪೆಯೊಂದು ನುಂಗಿದ್ದ ಕುರುಡು ಹಾವು ಅದರ ಹಿಂಭಾಗದಿಂದ ಜೀವಂತ ಹೊರಬಂದದ್ದು 2013ರಲ್ಲಿ ಪ್ರಕಟವಾಗಿದೆ.

ಕರ್ನಾಟಕದವರು ಇದಕ್ಕಾಗಿ ತೊಟ್ಟಿ ಹೊಂದಿಸಬೇಕಿಲ್ಲ. ಹಾವು ಹಿಡಿದು ಸಾಕುವುದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡಬರುತ್ತದೆ. ಮೇಲಾಗಿ ಅದು ಆಗಲೇ ಹಿತ್ತಿಲಿನ ನಿವಾಸಿ. ಮಣ್ಣಿಗೆ ಕೀಟನಾಶಕ ಸುರಿಯದೆ, ಗಿಡದ ಬುಡದಲ್ಲಿ ತರಗೆಲೆ ಹರಡಿ ತೇವ ಉಳಿಸಿದರೆ ಅದು ತಾನಾಗಿ ನೆಲೆಸುತ್ತದೆ. ಬಚ್ಚಲಲ್ಲಿ ಕಂಡಾಗ ಚಪ್ಪಲಿ ಎತ್ತಬೇಡಿ, ಉಪ್ಪು ಸುರಿಯಬೇಡಿ. ಒಂದು ಕಾಗದದ ಮೇಲೆ ಹತ್ತಿಸಿಕೊಂಡು ದಾಸವಾಳದ ಬುಡಕ್ಕೆ ಬಿಟ್ಟುಬನ್ನಿ.