ಫಸ್ಟ್ ಕಾಪಿ, ಮಾಸ್ಟರ್ ಕಾಪಿ

ಅಕ್ಕನ ಮಗ ಇಂಜಿನಿಯರಿಂಗ್ ಓದಲಿಕ್ಕೆ ಹಾಸನದಿಂದ ಮೈಸೂರಿಗೆ ಹೋದ ಮೇಲೆ ನನಗೆ ಬರುವ ಫೋನಿನ ವಿಷಯ ಬದಲಾಗಿದೆ. ಮೊದಲು ಕ್ರಿಕೆಟ್ಟು, ಈಗ ಶೂ. ಒಂದಿನ ರಾತ್ರಿ ಫೋನ್ ಮಾಡಿ, "ಮಾಮ, ಜೋರ್ಡನ್ ಒನ್‌ದು ಎರಡು ಕಾಪಿ ಇದಾವೆ. ಒಂದು ಸಾವಿರದೆಂಟ್ನೂರು, ಇನ್ನೊಂದು ಐದೂವರೆ ಸಾವಿರ. ಯಾವುದು ತಗೊಂಡ್ರೆ ಯಾರಿಗೂ ಗೊತ್ತಾಗಲ್ಲ?" ಅಂದ.

ಯಾವುದು ಚೆನ್ನಾಗಿದೆ ಅಂತ ಕೇಳಲಿಲ್ಲ, ನೋಡಿ. ಯಾವುದು ಸಿಕ್ಕಿಬೀಳಲ್ಲ ಅಂತ ಕೇಳಿದ. ನನಗೆ ಉತ್ತರ ಗೊತ್ತಿರಲಿಲ್ಲ. ನನ್ನದೂ ಅವನದೂ ಕಾಲಿನ ಅಳತೆ ಒಂದೇ, 8. ಸರಿ, ಎರಡನ್ನೂ ತರಿಸಿದೆ. 1,800ರದ್ದು ಮೆಜೆಸ್ಟಿಕ್ ಕಡೆಯ ಒಂದು ಅಂಗಡಿಯದು, ಅದಕ್ಕೆ 'ಫಸ್ಟ್ ಕಾಪಿ' ಅಂತಾರೆ. 5,500ರದ್ದು ವಾಟ್ಸಾಪಿನಲ್ಲಿ ಫೋಟೋ ಕಳಿಸಿ ಮಾರುವವರಿಂದ, ಅದು 'ಮಾಸ್ಟರ್ ಕಾಪಿ'. ಹೆಸರು ಕೇಳಿದರೆ ಫಸ್ಟೇ ದೊಡ್ಡದು ಅನ್ನಿಸುತ್ತೆ. ಈ ವ್ಯಾಪಾರದಲ್ಲಿ ಹಾಗಲ್ಲ.

ಅಸಲಿ ಯಾವುದು ಅಂತ ಮೊದಲು ಹೇಳಿಬಿಡುತ್ತೇನೆ. ಏರ್ ಜೋರ್ಡನ್ 1 ಬಂದದ್ದು 1985ರಲ್ಲಿ. ಷಿಕಾಗೋ ಬುಲ್ಸ್ ತಂಡಕ್ಕೆ ಆಗಷ್ಟೇ ಸೇರಿದ್ದ ಮೈಕಲ್ ಜೋರ್ಡನ್‌ಗಾಗಿ ನೈಕಿ ಕಂಪನಿಯ ಪೀಟರ್ ಮೂರ್ ವಿನ್ಯಾಸ ಮಾಡಿದ ಬಾಸ್ಕೆಟ್‌ಬಾಲ್ ಶೂ. ಆಗಿನ ಬೆಲೆ 65 ಡಾಲರ್. ಬಿಳಿ, ಕೆಂಪು, ಕಪ್ಪು, ಅಂದರೆ ತಂಡದ ಬಣ್ಣ. ಆ ಬಣ್ಣದ ಜೋಡಿಯನ್ನು ಕಂಪನಿ ಮತ್ತೆ ಮತ್ತೆ ಮಾರುಕಟ್ಟೆಗೆ ಬಿಟ್ಟಿದೆ. 2022ರ ನವೆಂಬರ್‌ನಲ್ಲಿ ಬಂದದ್ದರ ಹೆಸರು 'ಲಾಸ್ಟ್ ಅಂಡ್ ಫೌಂಡ್', ಬೆಲೆ 180 ಡಾಲರ್. ನನ್ನ ಹತ್ತಿರ ಇರುವ ಎರಡೂ ಇದರ ನಕಲು.

ಇಲ್ಲೊಂದು ತಮಾಷೆ ಇದೆ. ಲಾಸ್ಟ್ ಅಂಡ್ ಫೌಂಡ್‌ನ ಕಥೆ ಏನಪ್ಪಾ ಅಂದರೆ, ಯಾವುದೋ ಹಳೇ ಅಂಗಡಿಯ ಗೋಡೌನಿನಲ್ಲಿ ಮರೆತುಹೋಗಿದ್ದ 1985ರ ಜೋಡಿ ಈಗ ಸಿಕ್ಕಿತು ಅಂತ. ಅದಕ್ಕೆ ತಕ್ಕ ಹಾಗೆ ಕಣಕಾಲಿನ ಹತ್ತಿರದ ಕಪ್ಪು ಚರ್ಮ ಹೊಸದರಲ್ಲೇ ಬಿರುಕು ಬಿಟ್ಟಿರುತ್ತೆ. ಸೋಲಿನ ಅಂಚು ಹಳದಿಗಟ್ಟಿದ ಬಿಳಿ. ಡಬ್ಬಿಯದೊಂದು ತರಹ, ಮುಚ್ಚಳದ್ದೊಂದು ತರಹ. ಒಳಗೊಂದು ಹಳೇ ಕಾಲದ ಬಿಲ್ಲು ಬೇರೆ. ಅಂದರೆ ಅಸಲಿಯೇ ಒಂದು ವೇಷ ಹಾಕಿಕೊಂಡು ಬಂದಿದೆ, ನಕಲಿಯವರು ಆ ವೇಷವನ್ನು ನಕಲು ಮಾಡಬೇಕು.

ಈ ಪರೀಕ್ಷೆಯಲ್ಲಿ ಎರಡೂ ಕಾಪಿಗಳ ಬಣ್ಣ ಬಯಲಾಗುತ್ತೆ. ಫಸ್ಟ್ ಕಾಪಿಯ ಬಿರುಕು ಪ್ರಿಂಟು. ಎಡದ ಶೂನಲ್ಲಿ ಗೆರೆ ಎಲ್ಲಿ ಕವಲೊಡೆಯುತ್ತೋ ಬಲದ್ದರಲ್ಲೂ ಅಲ್ಲೇ. ಬಾಳೆ ಎಲೆ ಪ್ರಿಂಟಿನ ಪೇಪರ್ ಪ್ಲೇಟ್ ಇದ್ದ ಹಾಗೆ. ಮಾಸ್ಟರ್ ಕಾಪಿಯಲ್ಲಿ ನಿಜವಾದ ಬಿರುಕಿದೆ. ಮೇಲೊಂದು ತೆಳ್ಳನೆ ಲೇಪ ಕೊಟ್ಟು ಅದು ಒಡೆಯುವ ಹಾಗೆ ಮಾಡಿದ್ದಾರೆ. ಒಂದು ಕಾಲಿನದು ಇನ್ನೊಂದರ ಹಾಗಿಲ್ಲ, ಉಗುರು ಆಡಿಸಿದರೆ ತಗ್ಗು ಸಿಗುತ್ತೆ.

ಮಿಕ್ಕಿದ್ದೂ ಇದೇ ಧಾಟಿ. ಹಿಂದಿನಿಂದ ನೋಡಿದರೆ ಈ ಶೂ ಡಮರುಗದ ಹಾಗೆ ನಡು ಸಣ್ಣ ಇರಬೇಕು. ಮಾಸ್ಟರ್‌ನಲ್ಲಿ ಇದೆ, ಫಸ್ಟ್‌ನದು ಚೊಂಬಿನ ಹಾಗೆ ಹೋಗಿದೆ. ರೆಕ್ಕೆ ಇರುವ ಚೆಂಡಿನ ಗುರುತು ಮಾಸ್ಟರ್‌ನಲ್ಲಿ ಆಳವಾಗಿ ಒತ್ತಿದೆ, ಫಸ್ಟ್‌ನಲ್ಲಿ ಕಲಸಿಹೋಗಿದೆ. ನಾವು ರೈಟ್ ಮಾರ್ಕ್ ಅನ್ನುವ ನೈಕಿ ಗುರುತು ಫಸ್ಟ್‌ನಲ್ಲಿ ಊಟ ಮಾಡಿ ಮಲಗಿದಷ್ಟು ದಪ್ಪ. ಡಬ್ಬಿ ತೆಗೆದಾಗ ಪಂಕ್ಚರ್ ಅಂಗಡಿಯ ಸಲ್ಯೂಷನ್ ವಾಸನೆ ಬೇರೆ.

ಶೂ ಗೊತ್ತಿರುವ ಹುಡುಗರು ಇಷ್ಟಕ್ಕೇ ತೀರ್ಪು ಕೊಟ್ಟುಬಿಡುತ್ತಾರೆ, ಫೋಟೋ ದೊಡ್ಡದು ಮಾಡಿ ನೋಡಿ. ಶೂ ಇರೋದು ಫೋಟೋಗೆ ಮಾತ್ರ ಅಲ್ವಲ್ಲ. ಅದಕ್ಕೇ ನಾಲ್ಕು ತಿಂಗಳು ಎರಡನ್ನೂ ದಿನ ಬಿಟ್ಟು ದಿನ ಹಾಕಿಕೊಂಡು ಓಡಾಡಿದೆ. ಫಸ್ಟ್ ಕಾಪಿ ಮೊದಲನೇ ವಾರ ಹಿಮ್ಮಡಿ ಕಚ್ಚಿತು. ಮಳೆಯಲ್ಲಿ ನೆಂದ ದಿನ ಕೆಂಪು ಬಿಟ್ಟು ಬಿಳಿ ಸಾಕ್ಸ್ ಗುಲಾಬಿ ಆಯಿತು. ಮೂರನೇ ತಿಂಗಳಿಗೆ ಬೆರಳು ಮಡಚುವ ಜಾಗದಲ್ಲಿ ರೆಕ್ಸಿನ್ ಸುಲಿದು ನಿಜವಾದ ಬಿರುಕು ಬಂತು, ಪ್ರಿಂಟಿನ ಬಿರುಕಿಗಿಂತ ಎಷ್ಟೋ ಸಹಜವಾಗಿ. ಮಾಸ್ಟರ್ ಕಾಪಿಯ ಚರ್ಮ ಸುಕ್ಕಾಯಿತು ಅಷ್ಟೇ, ಸುಲಿಯಲಿಲ್ಲ.

ಮುಖ್ಯ ವ್ಯತ್ಯಾಸ ಇರೋದು ಮಾತ್ರ ಸೋಲಿನ ಹೊಲಿಗೆಯಲ್ಲಿ. ಈ ಶೂವಿನ ಸೋಲು ತಟ್ಟೆಯ ಹಾಗೆ, ಅಂಚು ಮೇಲಕ್ಕೆದ್ದಿರುತ್ತೆ. ಮೇಲಿನ ಭಾಗವನ್ನು ಅದರಲ್ಲಿ ಕೂರಿಸಿ, ಅಂಟು ಹಾಕಿ, ಅಂಚಿನ ಸುತ್ತ ದಾರದಿಂದ ಹೊಲಿಯುತ್ತಾರೆ. ಮಾಸ್ಟರ್‌ನಲ್ಲಿ ದಾರ ಇದೆ, ಸೋಲಿನ ಆಚೆಯಿಂದ ಈಚೆಗೆ ಬಂದಿದೆ. ಫಸ್ಟ್‌ನಲ್ಲಿ ಇರೋದು ಹೊಲಿಗೆಯ ಅಚ್ಚು, ರಬ್ಬರಿನಲ್ಲೇ ಎರಕ ಹೊಯ್ದದ್ದು. ದೂರದಿಂದ ದಾರದ ಹಾಗೇ ಕಾಣುತ್ತೆ, ಏನನ್ನೂ ಹಿಡಿದುಕೊಂಡಿಲ್ಲ. ಬರೀ ಅಂಟಿನ ಮೇಲೆ ನಿಂತಿತ್ತು. ಐದನೇ ತಿಂಗಳು ಬಸ್ ಹತ್ತುವಾಗ ಮುಂಗಾಲಿನ ಹತ್ತಿರ ಬಾಯಿ ಬಿಟ್ಟಿತು.

ಹಾಗಾದರೆ ಮಾಸ್ಟರ್ ಕಾಪಿ ಗೆದ್ದಿತೇ? ಶೂ ಆಗಿ ಖಂಡಿತ ಗೆದ್ದಿತು, ನಾನು ಅದನ್ನು ಅಲ್ಲಗಳೆಯಲ್ಲ. ಚೀನಾದ ಫುಜಿಯಾನ್ ಪ್ರಾಂತ್ಯದ ಪುಟಿಯಾನ್ ಊರು ನಕಲಿ ಶೂಗಳಿಗೆ ಜಗತ್ತಿಗೇ ಹೆಸರುವಾಸಿ. ದೊಡ್ಡ ದೊಡ್ಡ ಬ್ರ್ಯಾಂಡುಗಳ ಅಸಲಿ ಶೂ ಹೊಲಿದೇ ಆ ಊರು ಕಸುಬು ಕಲಿತದ್ದು. ಕೈ ಅದೇ, ಕೌಶಲ ಅದೇ. ನನ್ನ ಜೋಡಿ ಅಲ್ಲಿಯದೇ ಅಂತ ಪ್ರಮಾಣ ಮಾಡಲಾರೆ, ಅಷ್ಟು ಕೈಪಳಗಿದ ಕೆಲಸ ಅಂತ ಮಾತ್ರ ಹೇಳಬಲ್ಲೆ. ಆದರೆ ಆ ಕೈಗಳು ದಾರ ಹಾಕಿದ್ದು ನನ್ನ ಕಾಲು ಗಟ್ಟಿಯಾಗಿರಲಿ ಅಂತ ಅಲ್ಲ. ನೋಡುವವರು ಅಲ್ಲೇ ನೋಡುತ್ತಾರೆ ಅಂತ. ಗಟ್ಟಿತನ ಜೊತೆಗೆ ಬಂದ ಲಾಭ. ಅದೇ 5,500ಕ್ಕೆ ಯಾವ ರೈಟ್ ಮಾರ್ಕೂ ಇಲ್ಲದ, ದಾರ ಹಾಕಿ ಹೊಲಿದ ಒಳ್ಳೆ ಚರ್ಮದ ಶೂ ನಮ್ಮಲ್ಲೇ ಸಿಗುತ್ತೆ. ಇನ್ನು ಕಾನೂನಿನ ಮಾತು: 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಲ್ಲಿ ಸುಳ್ಳು ಗುರುತಿನ ಮಾಲು ಮಾರುವವರಿಗೆ 6 ತಿಂಗಳಿಂದ 3 ವರ್ಷದವರೆಗೆ ಜೈಲು ಇದೆ. ಆ ಸೆಕ್ಷನ್ನಿನ ಕಣ್ಣಿಗೆ ಫಸ್ಟೂ ಒಂದೇ, ಮಾಸ್ಟರೂ ಒಂದೇ.

ಮಾಸ್ಟರ್ ಕಾಪಿಯನ್ನು ಒರೆಸಿ ಅಕ್ಕನ ಮಗನಿಗೆ ಕೊಟ್ಟೆ. ಅವನು ಕೇಳಿದ್ದ ಪ್ರಶ್ನೆಗೆ ಅದೇ ಸರಿಯಾದ ಉತ್ತರ ತಾನೆ? ಒಂದು ತಿಂಗಳು ಬಿಟ್ಟು ರಜಕ್ಕೆ ಬಂದವನ ಕಾಲಲ್ಲಿ ಹಳೇ ಚಪ್ಪಲಿ. "ಯಾಕೋ, ಯಾರಾದರೂ ಕಂಡುಹಿಡಿದರಾ?" ಅಂದೆ.

"ಇಲ್ಲ ಮಾಮ. ಒಬ್ಬನೂ ಏನೂ ಕೇಳ್ಲಿಲ್ಲ. ಸೂಪರ್ ಇದೆ ಅಂದ್ರು," ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದ್ರೂ ಕ್ಲಾಸಲ್ಲಿ ಕಾಲು ಬೆಂಚಿನ ಕೆಳಗೆ ಎಳ್ಕೊಂಡೇ ಕೂತ್ಕೋತಿದ್ದೆ. ರೂಮಿನ ಹೊರಗೆ ಬಿಡಕ್ಕೂ ಭಯ, ಯಾರಾದ್ರೂ ಎತ್ತಿ ನೋಡಿದ್ರೆ ಅಂತ."

ಮಾಸ್ಟರ್ ಕಾಪಿಯ ಬಗ್ಗೆ ಇದಕ್ಕಿಂತ ಒಳ್ಳೆ ವಿಮರ್ಶೆ ನಾನು ಬರೆಯಲಾರೆ. ಎಲ್ಲ ಪರೀಕ್ಷೆಯಲ್ಲೂ ಪಾಸಾದ ಶೂ, ಹಾಕಿಕೊಂಡವನನ್ನು ದಿನವೂ ಪರೀಕ್ಷೆಗೆ ಕೂರಿಸುತ್ತೆ. ನನ್ನ ಫಸ್ಟ್ ಕಾಪಿಯನ್ನು ತರಕಾರಿ ಅಂಗಡಿಯವರೂ ಡೂಪ್ಲಿಕೇಟ್ ಅಂತ ಕಂಡುಹಿಡಿದಿದ್ದರು, ನಾನು ಕಾಲು ಚಾಚಿಕೊಂಡೇ ಕೂರುತ್ತಿದ್ದೆ. ಆದರೆ ನನಗೆ 46 ವರ್ಷ. 18ರ ಹುಡುಗನಿಗೆ ಅದು ಅಷ್ಟು ಸುಲಭ ಅಲ್ಲ ಅಂತ ನನಗೂ ಗೊತ್ತು. ಹಾಗಾಗಿ ಅವನಿಗೆ ಉಪದೇಶ ಮಾಡಲಿಲ್ಲ. ಮುಂದಿನ ಸಲ ಶೂ ತಗೊಳ್ಳುವಾಗ ನನ್ನನ್ನೂ ಕರಿ ಅಂದೆ, ಆಗಲಿ ಅಂದ.

ಬಾಯಿ ಬಿಟ್ಟ ಫಸ್ಟ್ ಕಾಪಿಯನ್ನು ನಮ್ಮ ಬಸ್ ಸ್ಟಾಪಿನ ಪಕ್ಕ ಚಪ್ಪಲಿ ರಿಪೇರಿ ಮಾಡುವವರ ಹತ್ತಿರ ಒಯ್ದೆ. ಅವರು ಸೋಲು ಎತ್ತಿ ತೋರಿಸಿದರು. ಅಸಲಿಯಲ್ಲಿ ಹಿಮ್ಮಡಿಯ ಕೆಳಗೆ ಗಾಳಿಯ ಚೀಲ ಇರುತ್ತೆ, ಇಲ್ಲಿ ಜೇನುಗೂಡಿನ ಹಾಗೆ ಪೊಳ್ಳು ರಬ್ಬರು, ಮೇಲೊಂದು ಸ್ಪಂಜಿನ ಹಾಳೆ. "ಅಂಟು ನಿಲ್ಲಲ್ಲ ಸಾರ್, ಸುತ್ತ ಹೊಲಿದುಬಿಡ್ತೀನಿ," ಅಂದರು. ಎರಡೂ ಸೇರಿ 120 ರೂಪಾಯಿ. ದಾರಕ್ಕೆ ಮೇಣ ಹಚ್ಚಿ, ಆ ಸುಳ್ಳು ಹೊಲಿಗೆಯ ಅಚ್ಚನ್ನೇ ಗುರುತು ಮಾಡಿಕೊಂಡು, ಒಂದೊಂದು ಗುಳಿಗೂ ದಬ್ಬಳ ಚುಚ್ಚಿ ಹೊಲಿದರು. ಈಗಲೂ ಅದನ್ನೇ ಹಾಕಿಕೊಂಡು ಓಡಾಡುತ್ತಿದ್ದೇನೆ.