ಸೊಸೈಟಿ ಲೆಕ್ಕ ಕ್ಲೌಡ್‌ಗೆ: ‘ಸಿದ್ಧ’ ಎಂದು ಹೇಳುವವರು ಯಾರು?

ಹುಕ್ಕೇರಿ ತಾಲ್ಲೂಕಿನ ಘೋಡಗೇರಿ ಸುತ್ತಿನ ಹಳ್ಳಿಗಳಲ್ಲಿ ರೈತನಿಗೆ ಬ್ಯಾಂಕಿಗಿಂತ ಮೊದಲು ನೆನಪಾಗುವುದು ಪಿಕೆಪಿಎಸ್, ಅಂದರೆ ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘ. ಬೆಳೆಸಾಲ, ಗೊಬ್ಬರ, ಷೇರು, ಠೇವಣಿ ಎಲ್ಲದರ ಲೆಕ್ಕವೂ ಅಲ್ಲಿನ ಕಿರ್ದಿ, ಖತಾವಣಿಗಳಲ್ಲಿ ಬೆಳೆದು ಬಂದಿದೆ. ಈ ಲೆಕ್ಕವನ್ನು ಕ್ಲೌಡ್ ಆಧಾರಿತ ಏಕರೂಪದ ಸಾಫ್ಟ್‌ವೇರಿಗೆ ಏರಿಸುವ ಯೋಜನೆಗೆ ಕೇಂದ್ರ ಸಂಪುಟ 2022ರ ಜೂನ್ 29ರಂದು ಒಪ್ಪಿಗೆ ಕೊಟ್ಟಿತು. ದೇಶದ 63,000 ಸಂಘಗಳು, 2,516 ಕೋಟಿ ರೂಪಾಯಿ, ಐದು ವರ್ಷ. ಹಂಚಿ ನೋಡಿದರೆ ಸಂಘವೊಂದಕ್ಕೆ ಸುಮಾರು 4 ಲಕ್ಷ. ಉದ್ದೇಶದ ಬಗ್ಗೆ ನನ್ನದೇನೂ ತಕರಾರಿಲ್ಲ. ಒಂದು ಸಂಘ ಇದಕ್ಕೆ ಸಿದ್ಧವಾಗಿದೆ ಎಂದು ತೀರ್ಮಾನಿಸುವ ರೀತಿಯ ಬಗ್ಗೆ ಮಾತ್ರ ತಕರಾರಿದೆ.

ಕ್ಲೌಡ್ ಸೇವೆ ಮಾರುವ ಅಮೆಜಾನಿನಂಥ ಕಂಪನಿಗಳು ಗಿರಾಕಿಗಳಿಗೆ ಕೊಡುವ ಸಿದ್ಧತಾ ಚೌಕಟ್ಟನ್ನು ತೆಗೆದು ನೋಡಿ. ವ್ಯವಹಾರ, ಜನ, ಆಡಳಿತ ಮೊದಲು. ತಂತ್ರ, ಭದ್ರತೆ, ನಿರ್ವಹಣೆ ಆಮೇಲೆ. ತಮ್ಮ ಸರಕು ಮಾರುವವರೇ ಬರೆದದ್ದಾದರೂ ಈ ಕ್ರಮ ಸರಿಯಾಗಿದೆ. ನಮ್ಮಲ್ಲಿ ಅದು ತಿರುವುಮುರುವು. ಕಂಪ್ಯೂಟರ್ ಬಂತೆ, ಸಾಫ್ಟ್‌ವೇರಿಗೆ ಸೇರಿತೆ, ‘ಗೋ-ಲೈವ್’ ಆಯಿತೆ ಎಂಬ ಎಣಿಕೆಯೇ ಪ್ರಗತಿ ವರದಿಗಳಲ್ಲಿ ಎದ್ದು ಕಾಣುತ್ತದೆ. ಎಣಿಸಲು ಸುಲಭವಾದದ್ದೇ ಗುರಿಯಾಗಿಬಿಡುತ್ತದೆ.

ಎಣಿಸಲು ಕಷ್ಟವಾದದ್ದು ಖತಾವಣಿಯೊಳಗಿದೆ. ಒಂದೇ ಊರಲ್ಲಿ ಒಂದೇ ಹೆಸರಿನ ನಾಲ್ಕು ಬಸಪ್ಪಂದಿರು. ಒಂದು ಕಡೆ ಅಡ್ಡಹೆಸರಿದೆ, ಇನ್ನೊಂದು ಕಡೆ ತಂದೆಯ ಹೆಸರಷ್ಟೇ. ತೀರಿಕೊಂಡವರ ಖಾತೆ ವಾರಸುದಾರರಿಗೆ ವರ್ಗವಾಗದೆ ಹಾಗೇ ನಿಂತಿದೆ. ಅಣ್ಣತಮ್ಮಂದಿರು ಪಾಲಾಗಿ ಉತಾರ ಬೇರೆಯಾಗಿದೆ, ಸಾಲ ಮಾತ್ರ ಹಳೆಯ ಸರ್ವೆ ನಂಬರಿನ ಮೇಲೆಯೇ ಇದೆ. ಇವನ್ನೆಲ್ಲ ಕಾರ್ಯದರ್ಶಿ ತಲೆಯಲ್ಲೇ ಸರಿದೂಗಿಸಿಕೊಂಡು ಬಂದಿರುತ್ತಾನೆ. ಸಾಫ್ಟ್‌ವೇರಿಗೆ ಆ ತಲೆಯಿಲ್ಲ.

ರೈತನ ಜೇಬಿಗೆ ಇದರ ಬಿಸಿ ತಟ್ಟುವುದು ಮಾರ್ಚ್ ಎಂಡ್‌ಗೆ. ರಾಜ್ಯದಲ್ಲಿ ಸಹಕಾರ ಸಂಘಗಳ ಅಲ್ಪಾವಧಿ ಬೆಳೆಸಾಲಕ್ಕೆ ಬಡ್ಡಿಯಿಲ್ಲ. ಶೂನ್ಯ ಬಡ್ಡಿಯ ಮಿತಿಯನ್ನು 2023ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಆದರೆ ಸಾಲವನ್ನು ಗಡುವಿನೊಳಗೆ ತುಂಬಿದವನಿಗೆ ಮಾತ್ರ ಈ ಸವಲತ್ತು. ಹಳೆಯ ದಾಖಲೆಯನ್ನು ಟೈಪು ಮಾಡುವಾಗ ಸಾಲ ಕೊಟ್ಟ ತಾರೀಖು ಒಂದು ತಿಂಗಳು ಹಿಂದೆ ಬಿದ್ದರೆ, ಸರಿಯಾಗಿ ತುಂಬಿದ ರೈತನೂ ಪರದೆಯ ಮೇಲೆ ಸುಸ್ತಿದಾರ. ಕಂಪ್ಯೂಟರ್ ಹೇಳಿದ್ದನ್ನು ಸುಳ್ಳೆಂದು ಸಾಧಿಸುವ ಹೊಣೆ ಅವನ ಹೆಗಲಿಗೆ ಬೀಳುತ್ತದೆ.

ಈ ಪಾಠ ಕರ್ನಾಟಕಕ್ಕೆ ಹೊಸದೇನಲ್ಲ. ‘ಭೂಮಿ’ ಯೋಜನೆಯಲ್ಲಿ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಕೈಬರಹದ ಪಹಣಿಗೆ ಮಾನ್ಯತೆ ರದ್ದಾಯಿತು. ಗ್ರಾಮ ಲೆಕ್ಕಿಗರ ಮರ್ಜಿಯೂ ಕಡಿಮೆಯಾಯಿತು. ಅದು ದೊಡ್ಡ ಸಾಧನೆಯೇ. ಆದರೂ ಹೆಸರು, ವಿಸ್ತೀರ್ಣಗಳ ತಪ್ಪು ತಿದ್ದಿಸಲು ಜನ ವರ್ಷಗಟ್ಟಲೆ ತಹಶೀಲ್ದಾರ ಕಚೇರಿಗೆ ಅಲೆದರು, ಪಹಣಿ ತಿದ್ದುಪಡಿ ಅದಾಲತ್‌ಗಳನ್ನೇ ನಡೆಸಬೇಕಾಯಿತು. ಕಂದಾಯ ಇಲಾಖೆಗೆ ತಹಶೀಲ್ದಾರರಿಂದ ಹಿಡಿದು ದೊಡ್ಡ ಸಿಬ್ಬಂದಿಯಿತ್ತು. ಪಿಕೆಪಿಎಸ್‌ಗೆ ಒಬ್ಬ ಕಾರ್ಯದರ್ಶಿ, ಹೆಚ್ಚೆಂದರೆ ಒಂದಿಬ್ಬರು ಗುಮಾಸ್ತರು.

ಕ್ಲೌಡ್ ಪರವಾದ ಗಟ್ಟಿ ವಾದ ಈ ಸೀಮೆಯಲ್ಲೇ ಇದೆ, ಅದನ್ನು ಮರೆಮಾಚಬಾರದು. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕಕ್ಕೆ ನೀರು ನುಗ್ಗಿತು, ಲೋಳಸೂರ ಸೇತುವೆ ಮುಳುಗಿತು. ಅಂಥ ನೀರಿನಲ್ಲಿ ಕಪಾಟಿನ ಖತಾವಣಿ ಮುದ್ದೆಯಾಗುತ್ತದೆ. ದೂರದ ಸರ್ವರ್‌ನಲ್ಲಿದ್ದ ಲೆಕ್ಕ ಉಳಿಯುತ್ತದೆ. ಆದರೆ ಅದೇ ನೆರೆಯಲ್ಲಿ ಕರೆಂಟೂ ನೆಟ್‌ವರ್ಕೂ ಹೋಗುತ್ತವೆ, ಜನರಿಗೆ ದುಡ್ಡಿನ ತುರ್ತೂ ಆಗಲೇ ಇರುತ್ತದೆ. ಆ ನಾಲ್ಕು ದಿನ ಯಾವ ಪುಸ್ತಕದಲ್ಲಿ ಬರೆಯಬೇಕು, ಆಮೇಲೆ ಅದನ್ನು ಯಾರು ಏರಿಸಬೇಕು, ಯಾರು ಸಹಿ ಹಾಕಬೇಕು ಎಂದು ಆಡಳಿತ ಮಂಡಳಿ ಠರಾವು ಮಾಡಿಟ್ಟುಕೊಂಡಿದೆಯೆ? ಇದ್ದರೆ ಆ ಸಂಘವನ್ನು ನಾನು ಸಿದ್ಧ ಎನ್ನುತ್ತೇನೆ, ಪ್ರಿಂಟರ್ ಹಳೆಯದಾಗಿದ್ದರೂ ಸರಿ. (ವಿದ್ಯುತ್ ಹಂಚಿಕೆಗೆ 1969ರಿಂದ ತಮ್ಮದೇ ಸಹಕಾರಿ ಸಂಘ ಕಟ್ಟಿಕೊಂಡ ಹುಕ್ಕೇರಿ ತಾಲ್ಲೂಕಿಗೆ ಇಂಥ ಠರಾವು ದೊಡ್ಡ ಮಾತೇನಲ್ಲ.)

ಇನ್ನೊಂದು ಅಪಾಯ ಊರಿನ ಗಡಿಯಾಚೆ ಇದೆ. 2024ರ ಜುಲೈ ಕೊನೆಯಲ್ಲಿ, ಸ್ಟೇಟ್ ಬ್ಯಾಂಕ್ ಮತ್ತು ಟಿಸಿಎಸ್ ಜಂಟಿಯಾಗಿ ಕಟ್ಟಿದ ಸಿ-ಎಡ್ಜ್ ಸಂಸ್ಥೆಯ ವ್ಯವಸ್ಥೆಗೆ ರ‍್ಯಾನ್ಸಮ್‌ವೇರ್ ತಗುಲಿತು. ಸೋಂಕು ಹಬ್ಬದಂತೆ ರಾಷ್ಟ್ರೀಯ ಪಾವತಿ ನಿಗಮ (ಎನ್‌ಪಿಸಿಐ) ಅದನ್ನು ಪಾವತಿ ಜಾಲದಿಂದ ಬೇರ್ಪಡಿಸಿತು. ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳೇ ಹೆಚ್ಚಾಗಿದ್ದ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ, ಎಟಿಎಂ ನಿಂತವು. ಮರುದಿನ ಸಂಪರ್ಕ ಮರಳಿತು, ನಿಜ. ಆದರೆ ಆ ಬ್ಯಾಂಕುಗಳು ತಮ್ಮ ಶಾಖೆಯ ಕಂಪ್ಯೂಟರುಗಳನ್ನು ಎಷ್ಟೇ ಚೊಕ್ಕಟವಾಗಿ ಇಟ್ಟುಕೊಂಡಿದ್ದರೂ ಅಂದು ಪ್ರಯೋಜನವಿರಲಿಲ್ಲ. 2025ರ ಆರಂಭದಲ್ಲಿ ನಮ್ಮ ‘ಕಾವೇರಿ 2.0’ ಮೇಲೆ ಸೈಬರ್ ದಾಳಿಯಾಗಿ ಆಸ್ತಿ ನೋಂದಣಿ ಏರುಪೇರಾದಾಗ ಉಪನೋಂದಣಿ ಕಚೇರಿಗಳ ಪಾಡೂ ಇದೇ. ಸಿದ್ಧತೆಯನ್ನು ಸಂಘದ ನಾಲ್ಕು ಗೋಡೆಯೊಳಗೆ ಮಾತ್ರ ಅಳೆಯುವ ನಮೂನೆಗಳಲ್ಲಿ ಈ ಅವಲಂಬನೆಗೆ ಕಾಲಮ್ಮೇ ಇರುವುದಿಲ್ಲ.

ವಾಣಿಜ್ಯ ಬ್ಯಾಂಕುಗಳಿಗಾದರೆ ರಿಸರ್ವ್ ಬ್ಯಾಂಕು 2023ರಲ್ಲೇ ಐಟಿ ಹೊರಗುತ್ತಿಗೆಯ ಬಗ್ಗೆ ನಿರ್ದೇಶನ ಕೊಟ್ಟಿತು: ಸೇವೆ ಕೊಡುವವನನ್ನು ಬಿಟ್ಟು ಹೊರಬರುವ ದಾರಿಯನ್ನು ಮೊದಲೇ ಬರೆದಿಡಬೇಕು. ಪಿಕೆಪಿಎಸ್‌ಗಳು ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ ಹೊರಗಿರುವುದರಿಂದ ಅವನ್ನು ಹಾಗೆ ಕೇಳುವವರಿಲ್ಲ. ಹಾಗಾಗಿ ಸದಸ್ಯರೇ ಕೇಳಬೇಕಾಗುತ್ತದೆ. ಏರಿಸಿದ ಪ್ರತಿ ಖಾತೆಯ ಬಾಕಿಯನ್ನು ಕನ್ನಡದಲ್ಲಿ ಮುದ್ರಿಸಿ ಸದಸ್ಯನಿಗೆ ಕೊಟ್ಟು ಸಹಿ ಪಡೆದಿದ್ದೀರಾ? ಸಂಘದ ಪೂರ್ತಿ ಲೆಕ್ಕದ ಪ್ರತಿ ನಮ್ಮ ಕೈಯಲ್ಲೂ ಇರುತ್ತದೆಯೆ? ಕೈಪುಸ್ತಕ ಮತ್ತು ಕಂಪ್ಯೂಟರ್ ಎರಡರಲ್ಲೂ ಬರೆಯುವ ತಿಂಗಳುಗಳಲ್ಲಿ ಕಾರ್ಯದರ್ಶಿಗೆ ಹೆಚ್ಚುವರಿ ಕೂಲಿ ಯಾರು ಕೊಡುತ್ತಾರೆ? ಮಂಜೂರಾದಾಗ ಯೋಜನೆಗೆ ಇಟ್ಟ ಅವಧಿ 2026-27ರವರೆಗೆ. ಅದಾದ ಮೇಲೆ ವರ್ಷವರ್ಷದ ನಿರ್ವಹಣೆಯ ಖರ್ಚು ಸಂಘದ ಲಾಭದಿಂದ ಹೋಗುವುದಾದರೆ, ಮುಂದಿನ ವಾರ್ಷಿಕ ಸಭೆಯ ಬಜೆಟ್ಟಿನಲ್ಲೇ ಅದಕ್ಕೊಂದು ಸಾಲು ಬೇಕು.