ಹ್ಯಾಂಡ್‌ಪೋಸ್ಟಿನ ಪೋಸ್ಟು

"ಹ್ಯಾಂಡ್‌ಪೋಸ್ಟಲ್ಲಿ ಪೋಸ್ಟ್‌ಮನ್ ಸಿಕ್ಕಿದ್ದ. ತಮ್ಮಂಗೆ ಪೋಸ್ಟಿಂಗ್ ಆರ್ಡರ್ ಬಂದೈತಂತೆ. ಅವ್ನು ಆಗ್ಲೇ ಫೇಸ್‌ಬುಕ್ಕಲ್ಲಿ ಪೋಸ್ಟ್ ಹಾಕವ್ನೆ."

ನಮ್ಮ ಗಂಡಸಿ ಕಡೆ ಯಾರಾದರೂ ಹೀಗೆ ಹೇಳಿದರೆ ಕೇಳುವವರು ತಡವರಿಸುವುದಿಲ್ಲ. ನಾಲ್ಕು ಸಲ ಬಂದ 'ಪೋಸ್ಟ್' ನಾಲ್ಕು ಬೇರೆ ಬೇರೆ ಸಂಗತಿ. ಒಂದು ಊರಿನ ಹೆಸರಿನ ಬಾಲ, ಒಂದು ಕಾಗದ ತಂದುಕೊಡುವ ವ್ಯವಸ್ಥೆ, ಒಂದು ನೌಕರಿ, ಇನ್ನೊಂದು ಗೋಡೆಗೆ ಅಂಟಿಸಿದಂಥ ಮಾತು. ಇಂಗ್ಲಿಷ್ ಓದದ ನಮ್ಮಜ್ಜಿಯ ವಯಸ್ಸಿನವರಿಗೂ ಮೊದಲ ಮೂರರಲ್ಲಿ ಗೊಂದಲವಿರಲಿಲ್ಲ. ಇಂಗ್ಲಿಷ್ ಪದಗಳಿಂದ ಕನ್ನಡ ಕೆಟ್ಟಿತು ಎನ್ನುವವರೂ, ಬಂದದ್ದೆಲ್ಲ ಬರಲಿ ಎನ್ನುವವರೂ ಇಂಥ ಮಾತಿನ ಎದುರು ಸ್ವಲ್ಪ ಹೊತ್ತು ಕೂರಬೇಕು ಅನ್ನಿಸುತ್ತದೆ. ಇಲ್ಲಿ ಕನ್ನಡ ಒಂದು ಪದವನ್ನು ತಂದುಕೊಂಡು ಸುಮ್ಮನಾಗಿಲ್ಲ. ಅದರ ಒಂದೊಂದು ಅರ್ಥಕ್ಕೂ ಒಂದೊಂದು ರೀತಿಯ ಸ್ವಾಗತ ಕೊಟ್ಟಿದೆ.

ಇಂಗ್ಲಿಷಿನಲ್ಲಿಯೇ ಇದು ಒಂದು ಪದವಲ್ಲ. ಕಂಬ ಎನ್ನುವ ಅರ್ಥದ ಪೋಸ್ಟ್ ಲ್ಯಾಟಿನಿನ 'ಪೋಸ್ಟಿಸ್'ನಿಂದ, ಅಂದರೆ ಬಾಗಿಲಿನ ನಿಲುವುಗಂಬದಿಂದ ಬಂತು. ಅಂಚೆ, ಹುದ್ದೆ, ಕಾವಲುಠಾಣೆ ಎನ್ನುವ ಪೋಸ್ಟುಗಳು 'ಪೋನೆರೆ', ಅಂದರೆ ಇಡು ಎನ್ನುವ ಕ್ರಿಯಾಪದದ ಮಕ್ಕಳು. ದಾರಿಯುದ್ದಕ್ಕೂ ಅಲ್ಲಲ್ಲಿ ಕುದುರೆಯನ್ನೂ ಸವಾರನನ್ನೂ 'ಇಟ್ಟು' ಓಲೆ ಸಾಗಿಸುತ್ತಿದ್ದರಿಂದ ಅಂಚೆಗೆ ಆ ಹೆಸರು. ಪೋಸ್ಟ್‌ಮಾರ್ಟಂ, ಪೋಸ್ಟ್‌ಮಾಡರ್ನ್‌ಗಳಲ್ಲಿ ಮುಂದೆ ನಿಂತದ್ದು ಮೂರನೆಯದು, 'ಆಮೇಲೆ' ಎಂಬರ್ಥದ ಲ್ಯಾಟಿನ್ ಪದ. ಹೆಸರೊಂದೇ, ಮನೆತನ ಬೇರೆ. ಫೇಸ್‌ಬುಕ್ಕಿನ ಪೋಸ್ಟ್ ಅಂಚೆಯ ಮನೆತನದ್ದೆಂದು ತೋರಿದರೂ ಕಂಬದ ಕಡೆಯದು. ಪ್ರಕಟಣೆಗಳನ್ನು ಕಂಬಕ್ಕೆ ಹಚ್ಚುತ್ತಿದ್ದ ರೂಢಿಯಿಂದ ಬಂದದ್ದು. ಪೋಸ್ಟರ್ ಕೂಡ ಹಾಗೆಯೇ. ಪರೀಕ್ಷೆ ಪೋಸ್ಟ್‌ಪೋನ್ ಆಯಿತೆಂದು ಕುಣಿಯುವ ಹುಡುಗರ ಬಾಯಲ್ಲಿ ಮಾತ್ರ 'ಆಮೇಲೆ' ಮತ್ತು 'ಇಡು' ಎರಡೂ ಒಟ್ಟಿಗೆ ಇವೆ.

ಇವನ್ನೆಲ್ಲ ನಿಘಂಟು ಹೇಳುತ್ತದೆ. ನಿಘಂಟು ಹೇಳದಿರುವುದು ಕನ್ನಡದ ಕಿವಿ ಇವನ್ನು ಬೇರ್ಪಡಿಸುವ ಬಗೆಯನ್ನು. ಕಾಗದವನ್ನು 'ಪೋಸ್ಟಿಗೆ' ಹಾಕುತ್ತೇವೆ, ಫೇಸ್‌ಬುಕ್ಕಿನಲ್ಲಿ 'ಪೋಸ್ಟ್' ಹಾಕುತ್ತೇವೆ. ಕ್ರಿಯಾಪದ ಒಂದೇ; ನಡುವಿನ ಚತುರ್ಥಿ ವಿಭಕ್ತಿ ಅಂಚೆ ಡಬ್ಬಿಯನ್ನೂ ಮೊಬೈಲನ್ನೂ ಬೇರೆ ಮಾಡಿಬಿಡುತ್ತದೆ. ನೌಕರಿಯ ಪೋಸ್ಟನ್ನು ಎಣಿಸಬಹುದು. 'ಇನ್ನೂರು ಪೋಸ್ಟ್ ಕರ್ದವ್ರೆ' ಎಂದರೆ ಅರ್ಜಿ ಹಾಕುವ ಹುಡುಗರ ಮುಖ ಅರಳುತ್ತದೆ. ಅಂಚೆಯ ಪೋಸ್ಟನ್ನು ಯಾರೂ ಎಣಿಸುವುದಿಲ್ಲ, ಅದು ಸುಮ್ಮನೆ 'ಬರುತ್ತದೆ'. ಹೀಗೆ ಎರವಲು ಪದಕ್ಕೆ ನಮ್ಮ ವಿಭಕ್ತಿ, ನಮ್ಮ ಕ್ರಿಯಾಪದ ಅಂಟಿದ ಮೇಲೆ ಅದನ್ನು ಇಂಗ್ಲಿಷ್ ಎಂದು ಕರೆಯುವುದು ನನಗೆ ಕಷ್ಟ.

ಕಂಬದ ಕಥೆಯೇ ಬೇರೆ. ಕನ್ನಡಕ್ಕೆ ಕಂಬ ಎಂಬರ್ಥದ ಪೋಸ್ಟ್ ಬೇಕಾಗಲೇ ಇಲ್ಲ. ದೀಪ ಇಂಗ್ಲಿಷಿನದಾದರೂ ಅದು 'ಲೈಟ್ ಕಂಬ', 'ಕರೆಂಟ್ ಕಂಬ'. ಗುಡಿಯ ಮುಂದಿನದು ಗರುಡಗಂಬ. ಹಾಗಿದ್ದೂ ಹಾಸನದಿಂದ ಅರಸೀಕೆರೆಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರು ಕೂಗುವುದು 'ಹ್ಯಾಂಡ್‌ಪೋಸ್ಟ್ ಯಾರ್ರೀ' ಎಂದೇ. ಗಂಡಸಿ ಹ್ಯಾಂಡ್‌ಪೋಸ್ಟ್. ಹಳೆಯ ಇಂಗ್ಲಿಷಿನಲ್ಲಿ ಹ್ಯಾಂಡ್‌ಪೋಸ್ಟ್ ಎಂದರೆ ಕವಲುದಾರಿಯಲ್ಲಿ ಕೈಚಾಚಿ ಊರಿನ ದಿಕ್ಕು ತೋರಿಸುವ ಕಂಬ. ಇಂಗ್ಲಿಷರು ಈಗ ಅದನ್ನು ಸೈನ್‌ಪೋಸ್ಟ್, ಫಿಂಗರ್‌ಪೋಸ್ಟ್ ಎನ್ನುತ್ತಾರೆ. ಹ್ಯಾಂಡ್‌ಪೋಸ್ಟ್ ಅವರ ಬಾಯಿಂದ ಹೆಚ್ಚುಕಡಿಮೆ ಹೋಗಿದೆ. ಅವರು ಬಿಟ್ಟದ್ದು ನಮ್ಮಲ್ಲಿ ಊರಾಗಿ ಉಳಿದಿದೆ. ಎಚ್.ಡಿ. ಕೋಟೆಯ ಹತ್ತಿರ ಒಂದು ಹ್ಯಾಂಡ್‌ಪೋಸ್ಟ್ ಇದೆ, ಮೂಡಿಗೆರೆಯ ಹತ್ತಿರ ಇನ್ನೊಂದು. ನಮ್ಮ ಕಡೆಯ ಹಿರಿಯರ ಬಾಯಲ್ಲಿ ಹಾಲು 'ಆಲು' ಆಗುವಂತೆ ಇದು 'ಆಂಡ್‌ಪೋಸ್ಟು'. ಬರೆಯುವಾಗ ಮಾತ್ರ ಹಕಾರ ವಾಪಸು ಬರುತ್ತದೆ.

ಇದೇ ವಸ್ತುವನ್ನು ಕರಾವಳಿಯವರು 'ಕೈಕಂಬ' ಎಂದರು. ಮಂಗಳೂರಿನ ಬಳಿ ಗುರುಪುರ ಕೈಕಂಬ, ಬಂಟ್ವಾಳದ ಬಿ.ಸಿ. ರೋಡಿನಲ್ಲಿ ಒಂದು ಕೈಕಂಬ, ಗಡಿಯಾಚೆ ಕಾಸರಗೋಡಿನ ಉಪ್ಪಳದಲ್ಲೂ ಕೈಕಂಬ. ಹ್ಯಾಂಡ್ ಎಂದರೆ ಕೈ, ಪೋಸ್ಟ್ ಎಂದರೆ ಕಂಬ, ಲೆಕ್ಕ ಚುಕ್ತಾ. ಚಿಕ್ಕಮಗಳೂರಿನಿಂದ ಬಾಬಾಬುಡನ್‌ಗಿರಿಯ ಕಡೆ ಹೊರಟರೆ ಸಿಗುವುದು 'ಕೈಮರ'. ಅದೂ ಇದೇ, ಕೈ ತೋರುವ ಮರ. ಅಲ್ಲಿ ಪ್ರವಾಸಿಗರ ಗಾಡಿ ತಡೆಯುವ ಕೈಮರ ಚೆಕ್‌ಪೋಸ್ಟ್ ಇದೆ. ದಾರಿ ತೋರಿಸುವುದಕ್ಕೆ ಕನ್ನಡ ಪದ, ದಾರಿ ತಡೆಯುವುದಕ್ಕೆ ಇಂಗ್ಲಿಷ್ ಪದ! ಇದು ಆಕಸ್ಮಿಕವೆಂದು ಗೊತ್ತಿದ್ದೂ ಓದಿದಾಗಲೆಲ್ಲ ನಗು ಬರುತ್ತದೆ.

ಹ್ಯಾಂಡ್‌ಪೋಸ್ಟನ್ನು ಕೈಕಂಬ ಮಾಡೋಣ ಎಂದು ನಾಳೆ ಯಾರಾದರೂ ಹೊರಟರೆ ನಾನು ಒಪ್ಪುವುದಿಲ್ಲ. ಕೈಕಂಬ ಚೆಂದದ ಪದ, ನಿಜ. ಆದರೆ ಹೆಸರುಗಳು ಚೆಂದಕ್ಕಾಗಿ ಇರುವುದಿಲ್ಲ. ಮೈಸೂರು ಸೀಮೆಯ ದಾರಿಗಳಿಗೆ ಕವಲಿನಲ್ಲಿ ಕಂಬ ನೆಟ್ಟ ಆಡಳಿತದ ಭಾಷೆ ಯಾವುದಿತ್ತು ಎಂಬ ನೆನಪು ಈ ಹೆಸರಿನಲ್ಲಿದೆ. ಈಗ ದಾರಿ ತೋರಿಸುವುದು ಹೆದ್ದಾರಿಯ ಹಸಿರು ಬೋರ್ಡು, ಇಲ್ಲವೇ ಫೋನಿನ ಮ್ಯಾಪು. ಹಳೆಯ ಕಂಬದ ಕೆಲಸಕ್ಕೆ ಹೆಸರೊಂದೇ ಸಾಕ್ಷಿ.

ಅಂಚೆಯ ವಿಷಯದಲ್ಲಿ ಪರಿಸ್ಥಿತಿ ತಿರುಗುಮುರುಗು. ನಮಗೆ ಸ್ವಂತ ಪದವೂ ಇತ್ತು, ಸ್ವಂತ ವ್ಯವಸ್ಥೆಯೂ ಇತ್ತು. 17ನೆಯ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರ ಕಾಲಕ್ಕೆ ಶುರುವಾದ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯೊಳಗೆ ಸೇರಿಹೋಯಿತು. ಅಂದಿನಿಂದ ಬೋರ್ಡಿನ ಮೇಲೆ ಅಂಚೆ ಕಚೇರಿ, ಬಾಯಲ್ಲಿ ಪೋಸ್ಟಾಫೀಸು. ಅಂಚೆ ಪದಕ್ಕೂ ಎರಡು ಮನೆತನವಿರುವುದು ಇನ್ನೊಂದು ಸ್ವಾರಸ್ಯ: ಹಳಗನ್ನಡ ಕಾವ್ಯದಲ್ಲಿ ಅಂಚೆ ಎಂದರೆ ಹಂಸ. ನಳದಮಯಂತಿಯರ ನಡುವೆ ಸುದ್ದಿ ಒಯ್ದ ಹಂಸವನ್ನು ನೆನೆದರೆ ಎರಡೂ ಒಂದೇ ಅನ್ನಿಸಿಬಿಡುತ್ತದೆ. ಹಾಗೆ ನಂಟು ಕಟ್ಟುವ ಆಸೆಯನ್ನು ತಡೆದುಕೊಳ್ಳಬೇಕು.

ಇಷ್ಟು ಒಳ್ಳೆಯ ಪದವಿದ್ದೂ ತೇಜಸ್ವಿಯವರು 1973ರ ತಮ್ಮ ಕಥಾಸಂಕಲನಕ್ಕೆ 'ಅಬಚೂರಿನ ಪೋಸ್ಟಾಫೀಸು' ಎಂದು ಹೆಸರಿಟ್ಟರು. 'ಅಬಚೂರಿನ ಅಂಚೆ ಕಚೇರಿ' ಎಂದು ಬದಲಿಸಿ ಓದಿನೋಡಿ. ಪ್ರಾಸ ಕೂಡುತ್ತದೆ, ಕಥೆ ಕೆಡುತ್ತದೆ. ಅಂಚೆ ಕಚೇರಿ ಇಲಾಖೆಯ ಕಟ್ಟಡ. ಪೋಸ್ಟಾಫೀಸು ಊರೊಳಗೆ ಬಂದು ಕೂತ ಹೊಸ ಪ್ರಾಣಿ. ಅದಕ್ಕೊಂದು ಬೆರಗು, ಒಂದು ಅನುಮಾನ ಅಂಟಿಕೊಂಡಿದೆ. ಆ ಪ್ರಾಣಿಯಿಂದಲೇ ಬೋಬಣ್ಣನ ಬದುಕಿನಲ್ಲಿ ತಳಮಳ ಏಳುತ್ತದೆ. ಅವನಿಗೆ ಪೋಸ್ಟಾಫೀಸು ಕಾಗದ ಬರುವ ಜಾಗವಷ್ಟೇ ಅಲ್ಲ, ಊರಿನಲ್ಲಿ ಅವನಿಗೊಂದು ಸ್ಥಾನ ಕೊಟ್ಟ ಪೋಸ್ಟೂ ಹೌದು. 'ಪೋಸ್ಟಾಫೀಸು' ಎಂಬಲ್ಲಿ ಕೊನೆಗೆ ಬಂದಿರುವ ಉಕಾರವನ್ನೂ ಗಮನಿಸಿ. ಪದ ಊರಿನವರ ಬಾಯಿಗೆ ಹೋಗಿ ಬಂದಿದೆ ಎನ್ನುವುದಕ್ಕೆ ಅದೇ ಮುದ್ರೆ. ಇಂಗ್ಲಿಷ್ ಪದಗಳನ್ನು ತುಂಬಿದ ಇಂದಿನ ಎಷ್ಟೋ ನಗರದ ಕಥೆಗಳಲ್ಲಿ ನನಗೆ ಕಾಣದಿರುವುದು ಈ ಉಕಾರ. ಅಲ್ಲಿ ಪಾತ್ರಗಳು ಇಂಗ್ಲಿಷ್ ಪದ ಆಡುತ್ತವೆ, ಪದಗಳು ಮಾತ್ರ ಪಾತ್ರಗಳ ಬಾಯಿಯ ಆಕಾರ ಪಡೆಯುವುದಿಲ್ಲ.

ಅದೇ ಸಂಕಲನದ ಮುನ್ನುಡಿಯಲ್ಲಿ ತೇಜಸ್ವಿ ನವ್ಯದ ದಾರಿ ಬಿಟ್ಟು ಬೇರೆ ದಾರಿ ಹುಡುಕಬೇಕೆಂದು ಬರೆದರು. ನವ್ಯೋತ್ತರ ಎಂಬ ಮಾತು ಬಂದಾಗಲೆಲ್ಲ ವಿಮರ್ಶಕರು ಆ ಮುನ್ನುಡಿಗೆ ಹೋಗುತ್ತಾರೆ. ಹೀಗೆ ಮೂರನೆಯ ಪೋಸ್ಟ್‌ಗೆ ಬಂದೆವು. ಇಲ್ಲಿ ಮಾತ್ರ ಕನ್ನಡ ಎರವಲು ಪಡೆಯದೆ ಸಂಸ್ಕೃತದ 'ಉತ್ತರ'ವನ್ನು ಹಚ್ಚಿತು: ಆಧುನಿಕೋತ್ತರ, ವಸಾಹತೋತ್ತರ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಪದಗಳು ಪರೀಕ್ಷೆಯಲ್ಲಿ ಬರೆಯುವ ಲೇಬಲ್ಲುಗಳಾಗಿವೆ. ಪೋಸ್ಟ್‌ಕಲೋನಿಯಲ್ ಎಂದರೆ ಬ್ರಿಟಿಷರು ಹೋದ ಮೇಲಿನದು ಎಂದು ಬರೆದು ಮುಗಿಸುತ್ತಾರೆ. ಹಾಗಾದರೆ ಹೋದದ್ದು ಏನು, ಇನ್ನೂ ಇರುವುದು ಏನು ಎಂಬ ಪ್ರಶ್ನೆಯೇ ಏಳುವುದಿಲ್ಲ. ಆದರೆ ಕನ್ನಡದ 'ಉತ್ತರ' ಬರೀ 'ಆಮೇಲೆ' ಅಲ್ಲ. ಉತ್ತರ ಎಂದರೆ ಜವಾಬು ಕೂಡ. ವಸಾಹತೋತ್ತರ ಎಂದರೆ ವಸಾಹತಿನ ನಂತರದ್ದು. ವಸಾಹತಿಗೆ ಕೊಟ್ಟ ಉತ್ತರವೂ ಹೌದು. ಇಂಗ್ಲಿಷಿನವರು ಇಷ್ಟನ್ನು ಹೇಳಲು ಪುಟಗಟ್ಟಲೆ ವಾದ ಮಾಡಬೇಕಾಯಿತು. ನಮ್ಮ ಅನುವಾದದೊಳಗೇ ಅದು ಕೂತಿದೆ. ಹಾಗೆ ಓದಿದರೆ ಸ್ವಾತಂತ್ರ್ಯಕ್ಕೆ ಮುಂಚಿನ ಕೃತಿಯೂ ವಸಾಹತೋತ್ತರವಾಗಬಹುದು, ಈ ವರ್ಷದ ಕಾದಂಬರಿಯೂ ಆಗದಿರಬಹುದು.

ಈ ಲಾಭ ಎಲ್ಲ ಕಡೆ ಸಿಗುವುದಿಲ್ಲ. 2016ರಲ್ಲಿ ಆಕ್ಸ್‌ಫರ್ಡ್ ನಿಘಂಟಿನವರು 'ಪೋಸ್ಟ್-ಟ್ರೂತ್' ಅನ್ನು ವರ್ಷದ ಪದವೆಂದು ಆರಿಸಿದ ಮೇಲೆ ಕನ್ನಡದಲ್ಲಿ 'ಸತ್ಯೋತ್ತರ' ಎಂದು ಬರೆಯತೊಡಗಿದರು. ಸತ್ಯಕ್ಕೆ ಬೆಲೆಯಿಲ್ಲದ ಕಾಲ ಎಂಬುದು ಅದರ ಉದ್ದೇಶ. ನನ್ನ ಕಿವಿಗೆ ಮಾತ್ರ ಅದು ಸತ್ಯವೇ ಎದ್ದು ನಿಂತು ಕೊಟ್ಟ ಉತ್ತರದ ಹಾಗೆ, ಹರಿಶ್ಚಂದ್ರನ ಬಿರುದಿನ ಹಾಗೆ ಕೇಳಿಸುತ್ತದೆ. ಸದ್ಯಕ್ಕೆ ನನ್ನ ಟಿಪ್ಪಣಿಗಳಲ್ಲಿ 'ಪೋಸ್ಟ್-ಟ್ರೂತ್' ಎಂದೇ ಬರೆದುಕೊಳ್ಳುತ್ತಿದ್ದೇನೆ, ಉಕಾರವಿನ್ನೂ ಹತ್ತಿಲ್ಲ.